ಮಾಡೆಲ್ ದಾಟಿಸುವ ಕೆಲಸ: ಸ್ಟೀಲ್ ಡಿಟೇಲಿಂಗ್‌ನಲ್ಲಿ ನನ್ನ ಅನುಭವ

ಕಟ್ಟಡದ ಉಕ್ಕಿನ ಪ್ರತಿ ತುಂಡನ್ನು ಕಾರ್ಖಾನೆ ತಯಾರಿಸಲು ಬೇಕಾದ ಮಾಡೆಲ್, ಡ್ರಾಯಿಂಗ್ ಮಾಡುವುದು ನನ್ನ ಕೆಲಸ, ಅದೇ ಸ್ಟೀಲ್ ಡಿಟೇಲಿಂಗ್. ಮೊದಲ ಸಲ ಡಿಸೈನ್ ಎಂಜಿನಿಯರ್ ಕಳಿಸಿದ ಮಾಡೆಲ್ಲನ್ನು ನನ್ನ ಡಿಟೇಲಿಂಗ್ ಸಾಫ್ಟ್‌ವೇರ್‌ಗೆ ಇಂಪೋರ್ಟ್ ಮಾಡಿದಾಗ ಇಡೀ ಕಟ್ಟಡ ಪಕ್ಕಕ್ಕೆ ಮಲಗಿತ್ತು. ಕಾಲಮ್‌ಗಳೆಲ್ಲ ಅಡ್ಡಡ್ಡ. ಫೈಲ್ ಕೆಟ್ಟಿರಬೇಕು ಅಂದುಕೊಂಡು ಇನ್ನೊಂದು ಸಲ ಕಳಿಸಿ ಎಂದೆ, ಅದೂ ಹಾಗೇ ಬಂತು. ಕಾರಣ ತುಂಬಾ ಸಣ್ಣದು. ಎಂಜಿನಿಯರ್ ಲೆಕ್ಕಕ್ಕೆ ಬಳಸಿದ ಸ್ಟಾಡ್ ಸಾಫ್ಟ್‌ವೇರ್‌ನಲ್ಲಿ ನಾವು ಬೇರೆ ಏನೂ ಹೇಳದಿದ್ದರೆ ವೈ ಅಕ್ಷ ಮೇಲ್ಮುಖವಾಗಿರುತ್ತದೆ, ನಾನು ಡಿಟೇಲಿಂಗ್‌ಗೆ ಬಳಸುವ ಟೆಕ್ಲಾದಲ್ಲಿ ಝಡ್ ಅಕ್ಷ. ಅವರ ಫೈಲೂ ಸರಿ, ನನ್ನ ಸಾಫ್ಟ್‌ವೇರೂ ಸರಿ. ಮೇಲೆ ಅಂದರೆ ಯಾವ ಕಡೆ ಎಂಬ ಮಾತು ನಮ್ಮಿಬ್ಬರ ನಡುವೆ ಆಗಿರಲಿಲ್ಲ.

ಮಲಗಿದ ಕಟ್ಟಡ ಹೇಗೂ ಕಣ್ಣಿಗೆ ಬೀಳುತ್ತದೆ. ಕಣ್ಣಿಗೆ ಬೀಳದ ತಪ್ಪುಗಳೇ ಅಪಾಯ.

ಅದರಲ್ಲಿ ಮೊದಲನೆಯದು ಬೀಮಿನ ಎತ್ತರ. ಎಂಜಿನಿಯರ್ ಬಲದ ಲೆಕ್ಕಕ್ಕೆ ಮಾಡುವ ಅನಾಲಿಸಿಸ್ ಮಾಡೆಲ್‌ನಲ್ಲಿ ಬೀಮ್ ಅಂದರೆ ಬರೀ ಒಂದು ಗೆರೆ. ಎಂಜಿನಿಯರ್ ಆ ಗೆರೆಯನ್ನು ಮಹಡಿಯ ಮಟ್ಟದಲ್ಲಿ ಎಳೆದಿರುತ್ತಾರೆ, ಇಂಪೋರ್ಟ್ ಮಾಡುವ ಸಾಫ್ಟ್‌ವೇರ್ ಆ ಗೆರೆಯನ್ನೇ ಬೀಮಿನ ನಡುಮಧ್ಯ ಎಂದು ತಿಳಿಯುತ್ತದೆ. ಹಾಗಾಗಿ 300 ಮಿಮೀ ಆಳದ ಐಪಿಇ 300ರ (ಐ ಆಕಾರದ ಒಂದು ಉಕ್ಕಿನ ಬೀಮ್) ತಲೆ ಗೆರೆಗಿಂತ 150 ಮಿಮೀ ಮೇಲೆ ಬರುತ್ತದೆ, ಪಕ್ಕದ ಐಪಿಇ 400ರ ತಲೆ ಗೆರೆಗಿಂತ 200 ಮಿಮೀ ಮೇಲೆ ಬರುತ್ತದೆ, ಎರಡರ ತಲೆಯ ನಡುವೆ 50 ಮಿಮೀ ಮೆಟ್ಟಿಲು, ಮೇಲೆ ಮಹಡಿಗೆ ಹಾಸುವ ಡೆಕ್ ಶೀಟ್ ಕೂರುವುದೇ ಇಲ್ಲ. ಈ ಸ್ಥಾನವನ್ನು ಹೇಳಲು ಅಡ್ಡಕೊಯ್ತದ ಮೇಲೆ 1ರಿಂದ 9ರವರೆಗೆ ಬಿಂದುಗಳಿವೆ. 5 ಅಂದರೆ ನಡುಮಧ್ಯ, 8 ಅಂದರೆ ಮೇಲ್ಭಾಗದ ಮಧ್ಯ. ಸ್ಟೀಲ್ ಡಿಟೇಲಿಂಗ್‌ಗೆ ಹಿಂದಿನಿಂದ ಬಳಕೆಯಲ್ಲಿರುವ ಎಸ್‌ಡಿಎನ್‌ಎಫ್ ಫೈಲ್‌ನಲ್ಲಿ ಈ ಅಂಕಿ ಪ್ರತಿ ಮೆಂಬರ್ (ಬೀಮ್, ಕಾಲಮ್‌ನಂಥ ಒಂದೊಂದು ಭಾಗ) ಜೊತೆಗೂ ಹೋಗುತ್ತದೆ. ಮಹಡಿಯ ಬೀಮ್‌ಗಳಿಗೆ 8 ಹಾಕಿ ಕಳಿಸಿ ಎಂದು ಈಗ ಕೆಲಸದ ಮೊದಲ ದಿನವೇ ಕೇಳುತ್ತೇನೆ. ಅಷ್ಟು ಒಂದು ಮಾತಿನಿಂದ ಎಷ್ಟು ದಿನದ ತಿದ್ದುಪಡಿ ಉಳಿಯುತ್ತದೆ ಎಂಬುದು ನನಗೆ ಗೊತ್ತು.

ಎರಡನೆಯದು ತುಂಡಾದ ಬೀಮ್. 12 ಮೀಟರ್ ಬೀಮಿಗೆ ನಡುವೆ 3 ಕಡೆ ಸಣ್ಣ ಬೀಮ್ ಬಂದು ಸೇರಿದರೆ ಅನಾಲಿಸಿಸ್‌ನಲ್ಲಿ ಅದು 4 ಮೆಂಬರ್ ಆಗಿರುತ್ತದೆ. ಲೆಕ್ಕಕ್ಕೆ ಅದು ಸರಿಯೇ. ಆದರೆ ಹಾಗೇ ತಂದುಕೊಂಡರೆ ಖರೀದಿ ಪಟ್ಟಿಗೆ 3 ಮೀಟರಿನ 4 ತುಂಡು ಹೋಗುತ್ತದೆ ಅಲ್ವಾ? ಇಂಪೋರ್ಟ್ ಆಯ್ಕೆಗಳಲ್ಲಿ ಒಂದೇ ಸಾಲಿನ, ಒಂದೇ ಪ್ರೊಫೈಲಿನ (ಅಡ್ಡಕೊಯ್ತದ ಆಕಾರ, ಅಳತೆ) ಮೆಂಬರ್‌ಗಳನ್ನು ಜೋಡಿಸುವ ಸೌಲಭ್ಯ ಇದ್ದರೆ ಬಳಸಿ, ಆದರೆ ಕಾಲಮ್ ಇರುವಲ್ಲಿ ಅದು ದಾಟಿ ಹೋಗಿ ಎರಡು ಬೇರೆ ಬೀಮನ್ನೂ ಸೇರಿಸಿಬಿಟ್ಟಿದೆಯಾ ಅಂತ ಒಂದೊಂದಾಗಿ ನೋಡಿ.

ಇನ್ನು ಹೆಸರು. ನನಗೆ ಅತಿ ಜಾಸ್ತಿ ಪಾಠ ಕಲಿಸಿದ್ದು ಇದೇ. ಒಂದೇ ಸೆಕ್ಷನ್‌ಗೆ, ಅಂದರೆ ಪ್ರೊಫೈಲ್‌ಗೆ, ಒಂದು ಸಾಫ್ಟ್‌ವೇರ್ ಎಚ್‌ಇಎ200 ಎನ್ನುತ್ತದೆ, ಇನ್ನೊಂದು ಎಚ್‌ಇ200ಎ ಎನ್ನುತ್ತದೆ. ಮನುಷ್ಯರಿಗೆ ಎರಡೂ ಒಂದೇ, ಕಂಪ್ಯೂಟರ್‌ಗೆ ಬೇರೆ ಬೇರೆ. ಹೆಸರು ಸಿಗದಿದ್ದಾಗ ಕೆಲವು ಸಾಫ್ಟ್‌ವೇರ್ ನಿಂತು ಕೇಳುತ್ತವೆ, ಕೆಲವು ಸುಮ್ನೆ ತಮ್ಮದೇ ಒಂದು ಪ್ರೊಫೈಲ್ ಇಟ್ಟು ಮುಂದೆ ಹೋಗುತ್ತವೆ. ಅದಕ್ಕೇ ಮ್ಯಾಪಿಂಗ್ ಫೈಲ್ ಬೇಕು. ಈ ಹೆಸರು ಅಲ್ಲಿಯದಾದರೆ ಇಲ್ಲಿ ಈ ಹೆಸರು ಎಂದು ಸಾಲುಸಾಲಾಗಿ ಬರೆದಿಟ್ಟ ಸಾದಾ ಪಟ್ಟಿ ಅದು. ನಾನು ಅದನ್ನು ಪ್ರತಿ ಕೆಲಸಕ್ಕೂ ಹೊಸದಾಗಿ ಮಾಡುವುದಿಲ್ಲ, ಒಂದೇ ಫೈಲನ್ನು ವರ್ಷಗಳಿಂದ ಬೆಳೆಸಿಕೊಂಡು ಬಂದಿದ್ದೇನೆ.

ಮ್ಯಾಪಿಂಗ್ ಸರಿಯಾಗಿದೆಯೇ ಎಂದು ನೋಡಲು ಮೊದಲು ನಾನು ಎರಡೂ ಕಡೆಯ ಒಟ್ಟು ತೂಕ ಹೋಲಿಸುತ್ತಿದ್ದೆ. ಅದು ಸಾಲದು ಎಂದು ಗೊತ್ತಾಗಿದ್ದು ಒಂದು ಕೆಲಸದಲ್ಲಿ ಒಟ್ಟು ತೂಕ ಚೆನ್ನಾಗಿ ಹೊಂದಿಕೊಂಡಿದ್ದರೂ ಕೆಲವು ಕಾಲಮ್‌ಗಳು ಎಚ್‌ಇಎ200 ಬದಲು ಐಪಿಇ 300 ಆಗಿ ಬಂದಿದ್ದಾಗ. ಐಪಿಇ 300ರ ತೂಕ ಮೀಟರಿಗೆ 42.2 ಕೆಜಿ, ಎಚ್‌ಇಎ200ದು 42.3 ಕೆಜಿ! ಆಕಾರ ಪೂರ್ತಿ ಬೇರೆ, ತೂಕ ಮಾತ್ರ ಒಂದೇ. ಅಂದಿನಿಂದ ಪ್ರೊಫೈಲ್‌ವಾರು ಒಟ್ಟು ಉದ್ದ ಮತ್ತು ಸಂಖ್ಯೆ ಹೋಲಿಸುತ್ತೇನೆ. ಅಂದಹಾಗೆ ಎಚ್‌ಇಎ200ರ ಆಳ 200 ಮಿಮೀ ಅಲ್ಲ, 190 ಮಿಮೀ. ಹೆಸರು ನೋಡಿ ಯಾರಾದರೂ ಕೈಯಿಂದ 200 ಎಂದು ಟೈಪ್ ಮಾಡಿದ ಪ್ರೊಫೈಲ್ ಪಟ್ಟಿಯೊಳಗೆ ಸೇರಿಕೊಂಡರೆ ಬೋಲ್ಟ್ ತೂತು ಕೂರುವ ಜಾಗವೇ ಬದಲಾಗುತ್ತದೆ.

ಇಷ್ಟೆಲ್ಲ ಆದ ಮೇಲೆ ನಾನು ಒಂದು ಪುಟ್ಟ ಪರೀಕ್ಷಾ ಮಾಡೆಲ್ ಕಟ್ಟಿದೆ. 12 ಮೆಂಬರ್ ಅಷ್ಟೇ. ಒಂದು ನೇರ ಕಾಲಮ್, 90 ಡಿಗ್ರಿ ತಿರುಗಿಸಿದ ಇನ್ನೊಂದು, ಒಂದು ಇಳಿಜಾರು ಬೀಮ್, ಒಂದು ಬಾಗಿದ ಬೀಮ್, ಎರಡು ದಿಕ್ಕಿಗೆ ಬಾಯಿ ತೆರೆದ ಎರಡು ಚಾನೆಲ್, ಕಾಲುಗಳು ಸಮವಲ್ಲದ ಒಂದು ಆ್ಯಂಗಲ್ ಬ್ರೇಸ್, ಹೀಗೆ. ಚಾನೆಲ್ ಮತ್ತು ಆ್ಯಂಗಲ್ ಮುಖ್ಯ, ಏಕೆಂದರೆ ಐ ಸೆಕ್ಷನ್ ಎಡಬಲ ತಿರುಗಿದರೂ ಗೊತ್ತಾಗುವುದಿಲ್ಲ, ಇವು ತಿರುಗಿದರೆ ತಕ್ಷಣ ಗೊತ್ತಾಗುತ್ತದೆ. ಹೊಸ ಎಂಜಿನಿಯರ್ ಆಗಲಿ, ಸಾಫ್ಟ್‌ವೇರ್‌ನ ಹೊಸ ಆವೃತ್ತಿ ಆಗಲಿ, ಮೊದಲು ಈ 12 ಮೆಂಬರ್ ಹೋಗಿ ಬರಬೇಕು. ಅರ್ಧ ದಿನ ಹಿಡಿಯುತ್ತದೆ.

ಮಾಡೆಲ್ ಕಳಿಸಲು ಯಾವ ಫೈಲ್ ಫಾರ್ಮ್ಯಾಟ್ ಒಳ್ಳೆಯದು ಎಂದು ಬಹಳ ಜನ ಕೇಳುತ್ತಾರೆ. ಸ್ಟೀಲ್‌ಗಾಗಿಯೇ ಹುಟ್ಟಿದ್ದು ಸಿಐಎಸ್/2. ಯುರೋಪಿನ ಸಿಮ್‌ಸ್ಟೀಲ್ ಯೋಜನೆಯಿಂದ ಬಂದಿದ್ದು, ಲೆಕ್ಕದ ಮಾಡೆಲ್‌ನಿಂದ ಕಾರ್ಖಾನೆಯ ಮಾಹಿತಿವರೆಗೆ ಎಲ್ಲವನ್ನೂ ಒಂದೇ ಕಡೆ ಹಿಡಿಯುವ ಆಸೆ ಅದರದ್ದು. ಈಗ ಹೆಚ್ಚಿನವರು ಇಡೀ ಕಟ್ಟಡದ ಮಾಡೆಲ್‌ಗೆ ಬಳಸುವ ಐಎಫ್‌ಸಿ ಕಡೆ ಬಂದಿದ್ದಾರೆ, 2013ರಲ್ಲಿ ಅದು ಐಎಸ್‌ಒ 16739 ಎಂಬ ಅಂತರರಾಷ್ಟ್ರೀಯ ಮಾನದಂಡ ಆಯಿತು. ಬೇರೆಯವರ ಪೈಪು, ಗೋಡೆ, ಡಕ್ಟ್ ನನ್ನ ಸ್ಟೀಲಿಗೆ ಬಡಿಯುತ್ತದೆಯೇ ಎಂದು ನೋಡಲು ಐಎಫ್‌ಸಿಗಿಂತ ಸುಲಭದ ದಾರಿ ನಾನು ಕಂಡಿಲ್ಲ. ಆದರೆ ಐಎಫ್‌ಸಿಯ ಬೀಮನ್ನು ನನ್ನದೇ ಬೀಮಾಗಿ ಬದಲಿಸಿಕೊಳ್ಳಬೇಕಾದರೆ ಎಕ್ಸ್‌ಪೋರ್ಟ್ ಮಾಡಿದವರು ಅದನ್ನು ಎಕ್ಸ್‌ಟ್ರೂಷನ್ ಆಗಿ ಕಳಿಸಿರಬೇಕು. ಅಂದರೆ ಒಂದು ಪ್ರೊಫೈಲ್, ಒಂದು ಉದ್ದ. ಬ್ರೆಪ್ ಆಗಿ ಕಳಿಸಿದರೆ ಬರುವುದು ಮೈಮೇಲಿನ ಮುಖಗಳು ಮಾತ್ರ. ನೋಡಲು ಬೀಮ್, ಒಳಗೆ ಐಪಿಇ ಎಂಬ ಅರಿವೇ ಇಲ್ಲ.

ತಿದ್ದುಪಡಿ ಬಂದಾಗ ಇನ್ನೊಂದು ಕಷ್ಟ. ಐಎಫ್‌ಸಿಯಲ್ಲಿ ಪ್ರತಿ ವಸ್ತುವಿಗೂ 22 ಅಕ್ಷರದ ಗುರುತು ಇರುತ್ತದೆ. ಆ ಗುರುತು ಉಳಿದರೆ ಯಾವುದು ಬದಲಾಯಿತು ಎಂದು ಸಾಫ್ಟ್‌ವೇರೇ ತೋರಿಸುತ್ತದೆ. ಒಮ್ಮೆ ಎಂಜಿನಿಯರ್ ಕಡೆಯವರು ಮಾಡೆಲ್ಲನ್ನು ಹೊಸ ಫೈಲ್‌ಗೆ ನಕಲು ಮಾಡಿ ಕಳಿಸಿದರು, ಎಲ್ಲಾ ಗುರುತೂ ಹೊಸದಾಗಿತ್ತು, ಹಳೆಯದೆಲ್ಲ ಅಳಿಸಿ ಎಲ್ಲವೂ ಹೊಸದು ಎಂದು ವರದಿ ಬಂತು. ಅದನ್ನು ಒಪ್ಪಿದ್ದರೆ ಅಷ್ಟು ದಿನ ಹಾಕಿದ ಬೋಲ್ಟ್, ಪ್ಲೇಟಿನ ಕನೆಕ್ಷನ್‌ಗಳೆಲ್ಲ ಹೋಗುತ್ತಿದ್ದವು. ಈಗ ನನ್ನ ಪದ್ಧತಿ ಇಷ್ಟು: ಅನಾಲಿಸಿಸ್ ಮಾಡೆಲ್ ಪೂರ್ತಿಯಾಗಿ ಒಳಗೆ ಬರುವುದು ಒಂದೇ ಸಲ. ಆಮೇಲೆ ಬಂದದ್ದೆಲ್ಲ ಹಿನ್ನೆಲೆಯಲ್ಲಿ ನೋಡಲು ಮಾತ್ರ. ಬದಲಾದ ಮೆಂಬರ್‌ಗಳನ್ನು ನಾನೇ ಕೈಯಿಂದ ತಿದ್ದುತ್ತೇನೆ.

ಕೊನೆಗೆ ಉಕ್ಕನ್ನು ಕೊರೆದು ಕತ್ತರಿಸುವ ಮೆಷಿನ್. ಕಾರ್ಖಾನೆಗೆ ಹೋಗುವುದು ಡಿಎಸ್‌ಟಿವಿ ಫೈಲ್, ಒಂದು ತುಂಡಿಗೆ ಒಂದು, ಹೆಸರಿನ ಕೊನೆಗೆ ಎನ್‌ಸಿ1 ಎಂದು ಇರುತ್ತದೆ. ಜರ್ಮನಿಯಲ್ಲಿ ಹುಟ್ಟಿದ ಈ ಫಾರ್ಮ್ಯಾಟ್ ನನಗೆ ತುಂಬಾ ಇಷ್ಟ, ಏಕೆಂದರೆ ನೋಟ್‌ಪ್ಯಾಡ್‌ನಲ್ಲಿ ತೆರೆದು ಓದಬಹುದು. ಎಸ್‌ಟಿ ಎಂದು ಶುರು, ಬಿಒ ಕೆಳಗೆ ತೂತುಗಳು, ಎಕೆ ಹೊರ ಅಂಚು, ಐಕೆ ಒಳಗಿನ ಕಿಂಡಿ, ಇಎನ್ ಎಂದು ಮುಕ್ತಾಯ. ತುಂಡಿನ ಮುಖಗಳಿಗೂ ಅಕ್ಷರಗಳಿವೆ: ಓ ಅಂದರೆ ಮೇಲಿನ ಫ್ಲ್ಯಾಂಜ್ (ಐ ಆಕಾರದ ಅಡ್ಡ ಪಟ್ಟಿ), ಯು ಕೆಳಗಿನದು, ವಿ ಮುಂದಿನ ಮುಖ, ಅಂದರೆ ಐ ಬೀಮ್ ಆದರೆ ವೆಬ್ (ನಡುವಿನ ನೆಟ್ಟಗಿನ ಪಟ್ಟಿ). ಒಂದು ಸಲ ಪೈಪ್ ದಾಟಲು ವೆಬ್‌ನಲ್ಲಿ ಇಟ್ಟ ಆಯತಾಕಾರದ ಕಿಂಡಿಗಳು ಕಟ್ ಆಗದೇ ಬೀಮ್‌ಗಳು ಹೊರಬಂದವು. ಫೈಲ್‌ನಲ್ಲಿ ಐಕೆ ಸರಿಯಾಗಿಯೇ ಇತ್ತು. ಆ ಮೆಷಿನ್ ಡ್ರಿಲ್ ಮತ್ತು ಗರಗಸದ್ದು, ಐಕೆ ಸಾಲುಗಳನ್ನು ಅದು ಓದದೇ ದಾಟಿಬಿಡುತ್ತಿತ್ತು, ಒಂದು ಎಚ್ಚರಿಕೆಯನ್ನೂ ಕೊಡದೆ. ಕಿಂಡಿಗಳನ್ನು ಆಮೇಲೆ ಗ್ಯಾಸ್ ಕಟರ್‌ನಿಂದ ಕೈಯಲ್ಲೇ ಕತ್ತರಿಸಬೇಕಾಯಿತು.

ಅದಾದ ಮೇಲೆ ಪ್ರತಿ ಮೆಷಿನ್‌ಗೂ ಒಂದು ಹಾಳೆ ಇಟ್ಟಿದ್ದೇನೆ. ಬಿಒ, ಐಕೆಯಂಥ ಯಾವ ಬ್ಲಾಕ್ ಓದುತ್ತದೆ, ಯಾವುದನ್ನು ಬಿಡುತ್ತದೆ, ಗುರುತು ಕೊರೆಯಲು ಬರುತ್ತದೆಯೇ, ಎಲ್ಲ ಅದರಲ್ಲಿದೆ. ಮೆಷಿನ್ ಓದದ ಕೆಲಸ ಇರುವ ತುಂಡುಗಳ ಫೈಲ್ ಬೇರೆ ಫೋಲ್ಡರ್‌ಗೆ ಹೋಗುತ್ತದೆ, ಜೊತೆಗೆ ಡ್ರಾಯಿಂಗ್ ಕೂಡ. ಕೆಲಸದ ಮೊದಲ ಬೀಮ್ ಮೆಷಿನ್‌ನಿಂದ ಇಳಿದಾಗ ನಾನೇ ಹೋಗಿ ಟೇಪ್ ಹಿಡಿಯುತ್ತೇನೆ. ಒಂದು ಕೈಯಲ್ಲಿ ಎನ್‌ಸಿ1ರ ಪ್ರಿಂಟ್, ಒಂದು ತುದಿಯಿಂದ ಮೊದಲ ತೂತಿಗೆ ಎಷ್ಟು, ಕೊನೆಯ ತೂತಿಗೆ ಎಷ್ಟು, ಅದು ಮೇಲಿನ ಫ್ಲ್ಯಾಂಜೋ ಕೆಳಗಿನದೋ. ಅದು ಸರಿ ಹೋದ ಮೇಲೆ ಉಳಿದ ಫೈಲ್‌ಗಳನ್ನು ಬಿಡುತ್ತೇನೆ.