ಅಂಗಳದ ಫರ್ಸಿ ಮೇಲೆ ಪಿಕಪ್ ಗಾಲಿ ನೇರ ಮಾಡಿದ್ದು

ಮುಂದಿನ ಟೈರ್ ಮೇಲೆ ಅಂಗೈ ಇಟ್ಟು ಹೊರಗಿನಿಂದ ಒಳಗೆ ಸವರಿದೆ. ಗರಗಸದ ಹಲ್ಲಿನ ಹಾಗೆ ಚುಚ್ಚಿತು. ಒಳಗಿನಿಂದ ಹೊರಗೆ ಎಳೆದರೆ ನುಣುಪು. ಎಡಗಡೆ ಟೈರೂ ಹಾಗೇ, ಬಲಗಡೆಯದೂ ಹಾಗೇ. ಹಾಕಿಸಿ ಇನ್ನೂ ನಾಲ್ಕು ತಿಂಗಳು ಆಗಿರಲಿಲ್ಲ. ಒಳ ಅಂಚು ಆಗಲೇ ಬೋಳಾಗಿತ್ತು.

ನನ್ನದು 2003ರ ಪಿಕಪ್. ಮುಂದೆ ಪಾಟಾ ಸ್ಪ್ರಿಂಗು, ಈ ಗಾಲಿಯಿಂದ ಆ ಗಾಲಿವರೆಗೆ ಒಂದೇ ಗಟ್ಟಿ ಆಕ್ಸಲ್. ಚಿತ್ತಾಪುರ, ಸೇಡಂ ಕಡೆಯ ಹಳ್ಳಿಗಳಿಂದ ಕಲಬುರಗಿಯ ನೆಹರು ಗಂಜ್‌ಗೆ ತೊಗರಿ ತರುತ್ತೇನೆ. ರಾಶಿ ಶುರುವಾದರೆ ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಗಾಡಿಗೆ ಬಿಡುವೇ ಇಲ್ಲ. ಸ್ಟೇರಿಂಗ್ ಸ್ವಲ್ಪ ತೇಲುತ್ತದೆ ಅನ್ನಿಸುತ್ತಿತ್ತು. ಹಳೆ ಗಾಡಿ, ಇಷ್ಟು ಇರೋದೇ ಅಂತ ಸುಮ್ನೆ ಓಡಿಸಿದೆ. ಅದರ ಬೆಲೆ ಒಂದು ಜೋಡಿ ಟೈರ್.

ಯಾಕೆ ಹೀಗಾಯಿತು ಅಂತ ಕೂತು ಹಿಂದಕ್ಕೆ ಲೆಕ್ಕ ಹಾಕಿದೆ. ಸೀಸನ್‌ಗೆ ಮೊದಲು ಒಂದು ಗ್ಯಾರೇಜಿನಲ್ಲಿ ಟೈ ರಾಡ್‌ನ ಎರಡೂ ತುದಿಯ ಬಾಲ್ ಜಾಯಿಂಟ್ ಬದಲಿಸಿದ್ದೆ. ಹಳೆಯವು ಸವೆದಿದ್ದವು, ಬದಲಿಸಬೇಕಿತ್ತು. ಆದರೆ ಹಳೆಯದು ಎಷ್ಟು ಸುತ್ತು ಒಳಗಿತ್ತು ಅಂತ ಬಿಚ್ಚುವಾಗ ಯಾರೂ ಎಣಿಸಲಿಲ್ಲ. ಹೊಸದು ಹಾಕಿದ ಮೇಲೆ ಯಾರೂ ಅಳೆಯಲಿಲ್ಲ, ನಾನೂ ಕೇಳಲಿಲ್ಲ. ಈ ಟೈ ರಾಡ್ ಎರಡು ಮುಂದಿನ ಗಾಲಿಗಳನ್ನು ಜೋಡಿಸುವ ಕೊಳವೆ. ಅದು ಎರಡು ಮೂರು ಮಿ.ಮೀ. ಗಿಡ್ಡ ಆದರೂ ಗಾಲಿಗಳ ಮುಖ ತಿರುಗುತ್ತದೆ. ನನ್ನ ಗಾಡಿಯಲ್ಲಿ ಅದು ಆಕ್ಸಲ್‌ನ ಹಿಂದೆ ಇದೆ. ಗಿಡ್ಡ ಆದರೆ ಗಾಲಿಗಳ ಹಿಂಭಾಗ ಹತ್ತಿರ ಬರುತ್ತದೆ, ಮುಂಭಾಗ ಬಿಚ್ಚಿಕೊಳ್ಳುತ್ತದೆ. ಇದಕ್ಕೆ ಟೋ ಔಟ್ ಅನ್ನುತ್ತಾರೆ. ಕೈಗೆ ಚುಚ್ಚಿದ ಹಲ್ಲುಗಳು ಹೊರಮುಖವಾಗಿ ನಿಂತಿದ್ದವು. ಅದು ಟೋ ಔಟ್‌ನ ಗುರುತು. ಟೋ ಇನ್, ಅಂದರೆ ಗಾಲಿಗಳ ಮುಂಭಾಗ ಒಳಮುಖ ಆಗೋದು, ಜಾಸ್ತಿ ಆದರೆ ಇದು ಉಲ್ಟಾ: ಹೊರ ಅಂಚು ಸವೆಯುತ್ತದೆ, ಒಳಗಿನಿಂದ ಹೊರಗೆ ಸವರಿದರೆ ಚುಚ್ಚುತ್ತದೆ.

ಮೊದಲು ಕಂಪ್ಯೂಟರ್ ಅಲೈನ್‌ಮೆಂಟ್ ಅಂಗಡಿಗೇ ಹೋಗಿದ್ದೆ. "ಇಷ್ಟ್ ಹಳೇ ಗಾಡಿ ಲೆಕ್ಕ ನಮ್ಮ ಮಷಿನ್‌ನಾಗ ಇಲ್ರಿ ಅಣ್ಣಾ" ಅಂದರು. ವಾಪಸ್ ಬಂದು ಉಸ್ತಾದ್‌ಗೆ ಫೋನ್ ಮಾಡಿದೆ. ನಮ್ಮ ಅಪ್ಪ ಲಾರಿ ಓಡಿಸುತ್ತಿದ್ದಾಗ ಆ ಲಾರಿ ನೋಡಿಕೊಳ್ಳುತ್ತಿದ್ದವರು ಅವರೇ. ಈಗ ಕಣ್ಣು ಸರಿಯಾಗಿ ಕಾಣದು, ಕೆಲಸ ಬಿಟ್ಟಿದ್ದಾರೆ. ಅವರು ಹೇಳಿದ್ದು ಎರಡೇ ಮಾತು.

"ತಮ್ಮಾ, ಮೊದ್ಲ ಲೂಸ್ ಎಲ್ಲದ ಹುಡುಕು. ಲೂಸ್ ಇದ್ದ ಗಾಡಿಗಿ ಅಳತಿ ಹಿಡದ್ರ ಅದು ಸುಳ್ಳ ಅಳತಿ. ಆಮ್ಯಾಲ ದಾರ, ಗುಂಡು, ಟೇಪು. ನಮ್ಮ ಕಾಲದಾಗ ಮಷಿನ್ ಎಲ್ಲಿತ್ತು?"

ಆ ಮೊದಲ ಮಾತಿಗೇ ಅರ್ಧ ದಿನ ಹೋಯಿತು. ಅರ್ಧ ದಿನ ಹೋಗಲೇಬೇಕಾದ ಕೆಲಸ ಅದು. ಹಿಂದಿನ ಗಾಲಿಗಳಿಗೆ ಕಲ್ಲು ಕೊಟ್ಟು, ಮುಂದೆ ಜಾಕ್ ಏರಿಸಿ, ಆಕ್ಸಲ್ ಕೆಳಗೆ ಎರಡೂ ಕಡೆ ಸ್ಟ್ಯಾಂಡ್ ಇಟ್ಟೆ. ಬರೀ ಜಾಕ್ ಮೇಲೆ ನಿಂತ ಗಾಡಿಯ ಕೆಳಗೆ ದಯವಿಟ್ಟು ಯಾರೂ ತೂರಬೇಡಿ, ಒಂದು ನಿಮಿಷದ ಕೆಲಸ ಇದ್ದರೂ. ಆಮೇಲೆ ಗಾಲಿಯನ್ನು ಮೇಲೆ ಕೆಳಗೆ ಹಿಡಿದು ಅಲುಗಾಡಿಸಿದೆ. ಬಲಗಡೆ ಗಟ್ಟಿ ಇತ್ತು, ಎಡಗಡೆ ಟಕ್ ಟಕ್ ಅಂದಿತು. ಇದು ಬೇರಿಂಗೋ, ಇಲ್ಲಾ ಸ್ಟೇರಿಂಗ್ ತಿರುಗಿಸಿದಾಗ ಗಾಲಿ ಎಡ ಬಲ ತಿರುಗುವ ಗೂಟ, ಕಿಂಗ್ ಪಿನ್ನೋ ಅಂತ ಗೊತ್ತು ಮಾಡಲು ಸುಲಭ ದಾರಿ ಇದೆ. ಮಗಳನ್ನು ಕರೆದು ಬ್ರೇಕ್ ಒತ್ತಿ ಹಿಡಿ ಅಂದೆ. ಬ್ರೇಕ್ ಒತ್ತಿದಾಗ ಅಲುಗಾಟ ನಿಂತರೆ ಬೇರಿಂಗ್ ಲೂಸ್. ಆಗಲೂ ಅಲುಗಿದರೆ ಕಿಂಗ್ ಪಿನ್ ಬುಶ್ ಹೋಗಿದೆ ಅಂತ. ನನ್ನದು ಮುಕ್ಕಾಲು ಪಾಲು ನಿಂತಿತು. ಗಾಲಿ ತಿರುಗಿಸುತ್ತಲೇ ಬೇರಿಂಗ್ ನಟ್ ಬಿಗಿ ಮಾಡಿ, ಮತ್ತೆ ಸ್ವಲ್ಪ ಸಡಿಲ ಬಿಟ್ಟು, ಹೊಸ ಲಾಕ್ ವಾಷರ್ ಹಾಕಿದೆ. ಉಳಿದ ಕೂದಲೆಳೆಯಷ್ಟು ಅಲುಗಾಟ ಕಿಂಗ್ ಪಿನ್‌ನದು. ಗ್ರೀಸ್ ನಿಪ್ಪಲ್‌ಗೆ ಹಳೆ ಕರಿ ಗ್ರೀಸ್ ಹೊರಗೆ ಬರುವವರೆಗೆ ಗನ್ ಹೊಡೆದೆ.

ಇನ್ನು ಗಾಲಿಯನ್ನು ಎಡ ಬಲ ಹಿಡಿದು ಅಲುಗಾಡಿಸಿದರೆ ಟೈ ರಾಡ್, ಡ್ರ್ಯಾಗ್ ಲಿಂಕ್ (ಸ್ಟೇರಿಂಗ್ ಬಾಕ್ಸ್‌ನಿಂದ ಗಾಲಿ ಕಡೆ ಹೋಗುವ ರಾಡ್), ಸ್ಟೇರಿಂಗ್ ಬಾಕ್ಸ್‌ಗಳ ಲೂಸ್ ಸಿಗುತ್ತದೆ. ಒಬ್ಬರು ಅಲುಗಾಡಿಸಬೇಕು, ಇನ್ನೊಬ್ಬರು ಒಂದೊಂದು ಜಾಯಿಂಟ್ ಮೇಲೆ ಬೆರಳಿಡಬೇಕು. ಕಣ್ಣಿಗೆ ಕಾಣದ್ದು ಬೆರಳಿಗೆ ಗೊತ್ತಾಗುತ್ತದೆ. ಪಾಟಾದ ಯು ಬೋಲ್ಟ್‌ಗಳೂ ಬಿಗಿ ಇರಬೇಕು. ಎರಡೂ ಟೈರ್‌ಗೆ ಗಾಳಿ ಸಮ ಇರಬೇಕು. ಬೆಳಿಗ್ಗೆ, ಟೈರ್ ತಣ್ಣಗಿದ್ದಾಗ ನೋಡಬೇಕು. ನಮ್ಮ ಕಡೆ ಏಪ್ರಿಲ್, ಮೇ ಬಿಸಿಲಲ್ಲಿ ಹನ್ನೊಂದು ಗಂಟೆ ಮೇಲೆ ನೋಡಿದ ಗಾಳಿ ಲೆಕ್ಕಕ್ಕೆ ಬರಲ್ಲ.

ನೆಲದ ವಿಷಯದಲ್ಲಿ ನನ್ನ ಅದೃಷ್ಟ ಚೆನ್ನಾಗಿತ್ತು. ನಮ್ಮ ಅಂಗಳಕ್ಕೆ ಶಹಾಬಾದ್ ಫರ್ಸಿ ಹಾಕಿದೆ. ಆದರೂ ನಂಬಲಿಲ್ಲ. ಪಕ್ಕದ ಮನೆಯ ಗೌಂಡಿ ಕಾಕಾ ಅವರ ಲೆವೆಲ್ ಪೈಪ್ ಕೇಳಿ ತಂದೆ. ಪಾರದರ್ಶಕ ಪೈಪಿನಲ್ಲಿ ನೀರು ತುಂಬಿ ಎರಡು ತುದಿ ಹಿಡಿದರೆ ಎರಡು ಜಾಗದ ಮಟ್ಟ ತಿಳಿಯುತ್ತದೆ. ನಾಲ್ಕು ಗಾಲಿ ನಿಲ್ಲುವ ಜಾಗದಲ್ಲಿ ನೋಡಿದೆ. ಮುಂದೆ ಎಡಗಡೆ 6 ಮಿ.ಮೀ. ತಗ್ಗು ಇತ್ತು. ಅಲ್ಲಿ ಅಷ್ಟೇ ದಪ್ಪದ ಪ್ಲೈವುಡ್ ತುಂಡು ಇಟ್ಟೆ. ಅವರ ತೂಗುಗುಂಡನ್ನೂ ಅವತ್ತೇ ಇಸಕೊಂಡೆ.

ಈಗ ಅಳತೆ. ಟೈರ್‌ನ ಯಾವ ಜಾಗದಿಂದ ಯಾವ ಜಾಗಕ್ಕೆ ಟೇಪ್ ಹಿಡಿಯುವುದು? ರಬ್ಬರ್ ಮೇಲೆ ನೆಟ್ಟಗಿನ ಅಂಚು ಇಲ್ಲ. ರಿಮ್‌ನಿಂದ ಅಳೆಯೋಣ ಅಂದರೆ 20 ವರ್ಷದ ರಿಮ್, ಗುಂಡಿಗೆ ಬಿದ್ದು ಬಿದ್ದು ಸೊಟ್ಟ ಆಗಿರುತ್ತದೆ. ಅದಕ್ಕೆ ಗಾಲಿ ಮೇಲೆ ಎತ್ತಿದ್ದಾಗಲೇ ಟೈರ್ ನಡುವೆ ಸುತ್ತಲೂ ಸುಣ್ಣ ಹಚ್ಚಿದೆ. ಇಟ್ಟಿಗೆ ಮೇಲೆ ಮೊಳೆ ಒತ್ತಿ ಹಿಡಿದು, ಅದರ ತುದಿ ಸುಣ್ಣಕ್ಕೆ ತಾಗುವ ಹಾಗೆ ಇಟ್ಟು ಗಾಲಿ ತಿರುಗಿಸಿದೆ. ಸುತ್ತಲೂ ತೆಳ್ಳಗಿನ ಒಂದು ಗೆರೆ ಬಂತು. ರಿಮ್ ಸೊಟ್ಟ ಇದ್ದರೂ ಟೈರ್ ಡೊಂಕಾಗಿದ್ದರೂ ಈ ಗೆರೆ ಮಾತ್ರ ನೇರ. ಯಾಕೆಂದರೆ ಗಾಲಿ ನಿಜವಾಗಿ ತಿರುಗುವ ದಾರಿಯನ್ನೇ ಅದು ಬರೆಯುತ್ತದೆ. ಈ ಇಡೀ ಕೆಲಸದಲ್ಲಿ ನನಗೆ ತುಂಬಾ ಇಷ್ಟವಾದದ್ದು ಈ ಗೆರೆ.

ಆಮೇಲೆ ಗಾಡಿ ಇಳಿಸಿದೆ. ಇಳಿಸಿದ ತಕ್ಷಣ ಅಳೆಯಬಾರದು. ಜಾಕ್‌ನಿಂದ ಇಳಿದ ಗಾಲಿ ಸೆಟೆದು ನಿಂತಿರುತ್ತದೆ. ಗಾಡಿಯನ್ನು ಹಿಂದಕ್ಕೆ ತಳ್ಳಿ, ಮತ್ತೆ ಮೂರು ನಾಲ್ಕು ಮೀಟರ್ ಮುಂದಕ್ಕೆ ತಳ್ಳಿ, ಬ್ರೇಕ್ ಹಾಕದೆ ತಾನಾಗಿ ನಿಲ್ಲಲು ಬಿಡಬೇಕು. ಸ್ಟೇರಿಂಗ್ ನೇರ ಇರಬೇಕು. ನಾನು ಮೊದಲ ಸಲ ಇದನ್ನು ಬಿಟ್ಟು ಅಳೆದೆ. ಎರಡು ಸಲ ಎರಡು ಬೇರೆ ಲೆಕ್ಕ ಬಂತು. ತಳ್ಳಿದ ಮೇಲೆ ಮೂರು ಸಲ ಅಳೆದರೂ ಒಂದೇ ಲೆಕ್ಕ.

ಗಾಲಿಯ ನಡುಮಟ್ಟದಲ್ಲಿ, ಅಂದರೆ ಹಬ್ ಎತ್ತರದಲ್ಲಿ, ಮುಂದೊಮ್ಮೆ ಹಿಂದೊಮ್ಮೆ ಗೆರೆಯಿಂದ ಗೆರೆಗೆ ಅಳೆಯಬೇಕು. ಮುಂದೆ ಸುಲಭ. ಹಿಂದೆ ಟೇಪ್ ಹಿಡಿದರೆ ಪಾಟಾ, ಎಂಜಿನ್ ಸಂಪ್ ಎಲ್ಲ ಅಡ್ಡ. ಗುಂಡು ಬೇಕಾದದ್ದು ಇಲ್ಲೇ. ಆ ಎತ್ತರದಲ್ಲಿ ಗೆರೆಗೆ ದಾರ ತಾಗಿಸಿ ಗುಂಡು ಇಳಿಬಿಟ್ಟು, ಅದರ ಮೊನೆ ತೋರಿಸಿದ ಜಾಗದಲ್ಲಿ ಫರ್ಸಿ ಮೇಲೆ ಪೆನ್ಸಿಲ್ ಗುರುತು ಹಾಕಿದೆ. ಒಟ್ಟು ನಾಲ್ಕು ಗುರುತು. ನೆಲದ ಮೇಲೆ ಟೇಪ್ ಹಾಸಲು ಏನೂ ಅಡ್ಡ ಬರುವುದಿಲ್ಲ. ಟೇಪ್ ಸ್ಟೀಲಿನದೇ ಇರಲಿ. ತುದಿಯ ಕೊಕ್ಕೆಯಿಂದ ಅಳೆಯಬೇಡಿ, ಅದು ಅಲ್ಲಾಡುತ್ತದೆ. ಮಗಳು 10 ಸೆಂಟಿಮೀಟರ್ ಗೆರೆಯನ್ನು ಗುರುತಿಗೆ ಹಿಡಿದಳು, ನಾನು ಈ ಕಡೆ ಓದಿ ಅಷ್ಟನ್ನು ಕಳೆದೆ.

ಮುಂದೆ 1352. ಹಿಂದೆ 1338. "ಅಪ್ಪಾ, 14 ಜಾಸ್ತಿ ಅದ" ಅಂದಳು.

14 ಮಿ.ಮೀ. ಕೇಳಲು ಚಿಕ್ಕದು ಅಲ್ವಾ? ಲೆಕ್ಕ ಹಾಕಿ ನೋಡಿ. ಒಂದೊಂದು ಗಾಲಿಗೆ ತಲಾ 7. ಟೈರ್ ಅಗಲ ಅಲ್ಲ, ಎತ್ತರ ಸುಮಾರು 700 ಮಿ.ಮೀ. ಅಂದರೆ ನೂರಕ್ಕೆ ಒಂದು ಪಾಲು ಸೊಟ್ಟ. ಒಂದು ಕಿಲೋಮೀಟರ್ ಓಡಿದರೆ ಪ್ರತಿ ಟೈರೂ 10 ಮೀಟರ್ ಅಡ್ಡಡ್ಡ ಉಜ್ಜಿದ ಹಾಗೆ. ನೂರು ಕಿಲೋಮೀಟರ್‌ಗೆ ಒಂದು ಕಿಲೋಮೀಟರ್ ಅಡ್ಡ ಎಳೆದಾಟ, ಅದೂ ತೊಗರಿ ಚೀಲ ಹೇರಿಕೊಂಡು. ಈ ಲೆಕ್ಕ ಮುಗಿದಾಗ ನನಗೆ ಆ ಟೈರ್‌ಗಳ ಮೇಲೆ ಕನಿಕರ ಬಂತು.

ನನ್ನ ಗಾಡಿಗೆ ಬೇಕಾದದ್ದು 2 ಮಿ.ಮೀ. ಟೋ ಇನ್, ಅಂದರೆ ಹಿಂದಿಗಿಂತ ಮುಂದೆ 2 ಕಡಿಮೆ. ನಿಮ್ಮ ಗಾಡಿಗೆ ಎಷ್ಟು ಅಂತ ಅದರ ಪುಸ್ತಕ ನೋಡಿಯೇ ಹಿಡಿಯಿರಿ. ಪೂರ್ತಿ ಸೊನ್ನೆ ಯಾಕೆ ಬೇಡ ಅಂದರೆ, ಹಿಂದಿನ ಗಾಲಿ ತಳ್ಳುವ ಗಾಡಿಯಲ್ಲಿ ರಸ್ತೆ ಮುಂದಿನ ಗಾಲಿಗಳನ್ನು ಹಿಂದಕ್ಕೆ ಒತ್ತುತ್ತದೆ. ಜಾಯಿಂಟ್‌ಗಳಲ್ಲಿ ಇರುವ ಅಷ್ಟಿಷ್ಟು ಸಂದು ಮುಚ್ಚಿ ಗಾಲಿಗಳು ಸ್ವಲ್ಪ ಬಿಚ್ಚಿಕೊಳ್ಳುತ್ತವೆ. ನಿಂತಾಗ ಚೂರು ಒಳಮುಖ ಇದ್ದದ್ದು ಓಡುವಾಗ ನೇರ ಆಗುತ್ತದೆ.

ಟೈ ರಾಡ್ ಕೊಳವೆಯ ಒಂದು ತುದಿಯ ಥ್ರೆಡ್, ನಮ್ಮ ಕಡೆ ಚೂಡಿ ಅಂತಾರೆ, ಬಲಕ್ಕೆ ಸುತ್ತಿದ್ದು, ಇನ್ನೊಂದು ಎಡಕ್ಕೆ. ಎರಡೂ ಕ್ಲ್ಯಾಂಪ್ ಸಡಿಲ ಮಾಡಿ ಕೊಳವೆ ತಿರುಗಿಸಿದರೆ ಎರಡೂ ತುದಿ ಒಟ್ಟಿಗೆ ಹೊರಗೆ ಬರುತ್ತವೆ ಅಥವಾ ಒಳಗೆ ಹೋಗುತ್ತವೆ. ಏನನ್ನೂ ಬಿಚ್ಚಬೇಕಾಗಿಲ್ಲ. ಹಿಂದಿನ ರಾತ್ರಿಯೇ ಚೂಡಿಗೆ ತುಕ್ಕು ಬಿಡಿಸುವ ಎಣ್ಣೆ ಬಿಟ್ಟಿದ್ದೆ. ಪೈಪ್ ಪಾನಾ ಹಾಕಿದಾಗ ಮೊದಲು ಅಲುಗಲಿಲ್ಲ. ಕ್ಲ್ಯಾಂಪ್ ಬಾಯಿಯನ್ನು ಉಳಿಯಿಂದ ಸ್ವಲ್ಪ ಅಗಲ ಮಾಡಿದ ಮೇಲೆ ಬಂತು.

ಯಾವ ಕಡೆ ತಿರುಗಿಸಬೇಕು ಅಂತ ಊಹೆ ಮಾಡುವ ಬದಲು ಕೊಳವೆ ಮೇಲೆ ಸುಣ್ಣದ ಗೆರೆ ಎಳೆದು ಕಾಲು ಸುತ್ತು ತಿರುಗಿಸಿದೆ. ಗಾಡಿ ತಳ್ಳಿದೆವು, ಗುಂಡು ಬಿಟ್ಟೆವು, ಅಳೆದೆವು. 17. ತಪ್ಪು ದಿಕ್ಕು. ಆದರೆ ಅದರಿಂದ ಬೇಕಾದ ಲೆಕ್ಕ ಸಿಕ್ಕಿತು: ಕಾಲು ಸುತ್ತಿಗೆ 3 ಮಿ.ಮೀ. ರಾಡ್ ಒಂದು ಮಿ.ಮೀ.ಗಿಂತ ಕಡಿಮೆ ಬದಲಾದರೂ ಟೈರ್ ಅಂಚಿನಲ್ಲಿ ಅದು ಸುಮಾರು ನಾಲ್ಕು ಪಟ್ಟು ಆಗಿ ಕಾಣುತ್ತದೆ. ಸ್ಟೇರಿಂಗ್ ಆರ್ಮ್ ಗಿಡ್ಡ, ಟೈರ್ ದೊಡ್ಡದು, ಅದಕ್ಕೆ. ಜಾಯಿಂಟ್ ಹಾಕುವಾಗ ಎರಡು ಚೂಡಿ ಹೆಚ್ಚು ಕಡಿಮೆ ಆದರೆ ಏನಾಗುತ್ತದೆ ಅಂತ ಆಗ ಪೂರ್ತಿ ಅರ್ಥ ಆಯಿತು.

17ರಿಂದ ಒಳಕ್ಕೆ 2 ಬರಬೇಕಾದರೆ ಒಟ್ಟು 19. ವಾಪಸ್ ಆರು ಸಲ ಕಾಲು ಕಾಲು ಸುತ್ತು ತಿರುಗಿಸಿದೆ. ಮತ್ತೆ ತಳ್ಳು, ಮತ್ತೆ ಅಳೆ. ಟೋ ಇನ್ 1. ಇನ್ನೊಂದು ಚೂರು ತಿರುಗಿಸಿದ ಮೇಲೆ ಮುಂದೆ 1344, ಹಿಂದೆ 1346. ಬಿಸಿಲು ಏರಿತ್ತು, ಮಗಳು ಮಜ್ಜಿಗೆ ತಂದಳು.

ಕ್ಲ್ಯಾಂಪ್ ಬಿಗಿ ಮಾಡುವಾಗ ಒಂದು ವಿಷಯ ನೋಡಿಕೊಳ್ಳಿ. ಎರಡೂ ಬಾಲ್ ಜಾಯಿಂಟ್ ತಮ್ಮ ಓಲಾಟದ ನಡುವೆ ನಿಂತಿರಬೇಕು. ಒಂದು ಮುಂದಕ್ಕೆ ವಾಲಿ ಇನ್ನೊಂದು ಹಿಂದಕ್ಕೆ ವಾಲಿದ್ದರೆ ಗುಂಡಿಗೆ ಬಿದ್ದಾಗ ಸಿಕ್ಕಿಕೊಳ್ಳುತ್ತದೆ. ಕ್ಲ್ಯಾಂಪ್ ಬೋಲ್ಟ್ ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ಯಾವುದಕ್ಕೂ ತಾಗಬಾರದು. ಎರಡೂ ತುದಿಯಲ್ಲಿ ಒಳಗಿರುವ ಚೂಡಿ ಹೆಚ್ಚು ಕಡಿಮೆ ಸಮ ಇರಬೇಕು. ಜಾಯಿಂಟ್ ನಟ್‌ಗಳಿಗೆ ಹೊಸ ಸ್ಪ್ಲಿಟ್ ಪಿನ್ ಹಾಕಿ. ಹಳೆ ಪಿನ್ ನೇರ ಮಾಡಿ ಮತ್ತೆ ಹಾಕುವುದು ಬೇಡವೇ ಬೇಡ. ಬಿಗಿ ಮಾಡಿದ ಮೇಲೆ ಮತ್ತೊಮ್ಮೆ ಅಳೆಯಿರಿ, ಬಿಗಿಯುವಾಗ ಕೊಳವೆ ಚೂರು ತಿರುಗಿರುತ್ತದೆ.

ಮರುದಿನ ಬೆಳಿಗ್ಗೆ ಐದೂವರೆಗೆ ಸೇಡಂ ರಸ್ತೆಗೆ ಹೋದೆ. ತೇಲಾಟ ಹೋಗಿತ್ತು. ತಿರುವು ಮುಗಿದ ಮೇಲೆ ಸ್ಟೇರಿಂಗ್ ತಾನಾಗಿ ನೇರಕ್ಕೆ ಬಂತು. ನೇರ ಓಡುವಾಗ ಸ್ಟೇರಿಂಗ್ ಮಾತ್ರ ಸ್ವಲ್ಪ ಬಲಕ್ಕೆ ತಿರುಗಿ ನಿಲ್ಲುತ್ತಿತ್ತು. ಮನೆಗೆ ಬಂದು ಡ್ರ್ಯಾಗ್ ಲಿಂಕ್‌ನಲ್ಲಿ ಅದನ್ನು ಸರಿ ಮಾಡಿದೆ. ಇದಕ್ಕಾಗಿ ಟೈ ರಾಡ್ ಮುಟ್ಟಬಾರದು. ಎಡಕ್ಕೆ ಸ್ವಲ್ಪ ಎಳೆತ ಉಳಿದಿತ್ತು. ರಸ್ತೆ ನಡುವೆ ಎತ್ತರ, ಅಂಚಿಗೆ ಇಳಿಜಾರು ಇರುತ್ತದಲ್ಲ, ಅಷ್ಟು ಎಳೆತ ಸಹಜ. ಅನುಮಾನ ಇದ್ದರೆ ಮುಂದಿನ ಎರಡು ಟೈರ್ ಅದಲು ಬದಲು ಮಾಡಿ. ಎಳೆತ ಬಲಕ್ಕೆ ತಿರುಗಿದರೆ ದೋಷ ಟೈರ್‌ನದು. ಗಾಡಿ ನಿಲ್ಲಿಸಿ ಎರಡೂ ಬ್ರೇಕ್ ಡ್ರಮ್ ಹತ್ತಿರ ಕೈ ಹಿಡಿದೆ. ಒಂದು ಕಡೆ ಜಾಸ್ತಿ ಬಿಸಿ ಇದ್ದರೆ ಬ್ರೇಕ್ ಹಿಡಿಯುತ್ತಿದೆ ಅಂತ, ಆ ಎಳೆತಕ್ಕೂ ಅಲೈನ್‌ಮೆಂಟ್‌ಗೂ ಸಂಬಂಧ ಇಲ್ಲ.

ಕ್ಯಾಂಬರ್, ಅಂದರೆ ಗಾಲಿಯ ಮೇಲ್ಭಾಗ ಒಳಕ್ಕೋ ಹೊರಕ್ಕೋ ವಾಲಿರೋದು, ಅದನ್ನೂ ಅದೇ ಗುಂಡಿನಿಂದ ನೋಡಿದೆ. ಗಾಲಿ ಪಕ್ಕ ದಾರ ಇಳಿಬಿಟ್ಟು ರಿಮ್‌ನ ಮೇಲಂಚು, ಕೆಳಂಚು ಎಷ್ಟು ದೂರ ಅಂತ. ಎರಡೂ ಕಡೆ ಹತ್ತಿರ ಹತ್ತಿರ ಒಂದೇ ಬಂತು, ಅಷ್ಟು ಸಾಕು. ಗಟ್ಟಿ ಆಕ್ಸಲ್‌ನಲ್ಲಿ ಕ್ಯಾಂಬರ್ ತಿರುಗಿಸಲು ಬೋಲ್ಟ್ ಇಲ್ಲ. ವ್ಯತ್ಯಾಸ ಜಾಸ್ತಿ ಬಂದರೆ ಕಿಂಗ್ ಪಿನ್ ಹೋಗಿದೆ ಅಥವಾ ಆಕ್ಸಲ್ ಬಾಗಿದೆ, ಅದು ಅಂಗಳದ ಕೆಲಸ ಅಲ್ಲ. ನಿಮ್ಮ ಪಿಕಪ್‌ನಲ್ಲಿ ಮುಂದಿನ ಎರಡು ಗಾಲಿಗೆ ಬೇರೆ ಬೇರೆ ಸಸ್ಪೆನ್ಷನ್ ಇದ್ದರೆ ಟೈ ರಾಡ್ ಎರಡು ಇರುತ್ತವೆ. ಎರಡನ್ನೂ ಸಮನಾಗಿ ತಿರುಗಿಸಬೇಕು, ಇಲ್ಲದಿದ್ದರೆ ಟೋ ಸರಿ ಬಂದರೂ ಸ್ಟೇರಿಂಗ್ ಸೊಟ್ಟ ನಿಲ್ಲುತ್ತದೆ. ಅಂಥ ಗಾಡಿಯಲ್ಲಿ ಕ್ಯಾಂಬರ್, ಕ್ಯಾಸ್ಟರ್ (ಗಾಲಿ ಎಡ ಬಲ ತಿರುಗುವ ಅಕ್ಷ ಮುಂದಕ್ಕೋ ಹಿಂದಕ್ಕೋ ವಾಲಿರೋದು) ಕೂಡ ಬದಲಾಗುತ್ತವೆ. ಅವಕ್ಕೆ ಮಷಿನ್ ಇರುವವರ ಹತ್ತಿರವೇ ಹೋಗಿ.

ಹಳೆ ಟೈರ್ ಎರಡನ್ನೂ ತೆಗೆದು ಬೇರೆ ಜೋಡಿ ಹಾಕಿದೆ. ಸಾವಿರ ಕಿಲೋಮೀಟರ್ ಆದ ಮೇಲೆ ಮತ್ತೆ ಅಂಗೈ ಇಟ್ಟು ಸವರಿದೆ. ಎರಡೂ ದಿಕ್ಕಿಗೆ ನುಣುಪು. ಉಸ್ತಾದ್ ಮನೆಗೆ ಹೋಗಿ 1344, 1346 ಅಂತ ಹೇಳಿದೆ. "ಕಿಂಗ್ ಪಿನ್ ಲೂಸ್ ಅಂದಿದ್ದಿ, ಅದೇನಾತು?" ಅಂತ ಕೇಳಿದರು. ಈ ಸಲ ರಾಶಿ ಶುರುವಾಗುವ ಮೊದಲು ಎಡಗಡೆ ಬುಶ್ ಬದಲಿಸಬೇಕು. ಅದು ಬದಲಿಸಿದ ಮೇಲೆ ಮತ್ತೆ ಅಳೆಯಬೇಕು. ಗಾಲಿ ನಿಲ್ಲುವ ಜಾಗಕ್ಕೆ ಫರ್ಸಿ ಮೇಲೆ ಬಣ್ಣದಲ್ಲಿ ಗುರುತು ಹಾಕಿ ಇಟ್ಟಿದ್ದೇನೆ, ಪ್ಲೈವುಡ್ ತುಂಡನ್ನೂ ಎತ್ತಿಟ್ಟಿದ್ದೇನೆ.