ಪ್ರಶ್ನೆ ಚಿಕ್ಕದಾದ ಮೇಲೆ ಸಿಕ್ಕ ಉತ್ತರ

ಪುರಾವೆ ಆಧಾರಿತ ಶುಶ್ರೂಷೆಯ ಯೋಜನೆಗಾಗಿ ನಾನು ಮೊದಲು ಬರೆದುಕೊಂಡಿದ್ದ ಪ್ರಶ್ನೆ, ‘ಕ್ಯಾನುಲಾದಿಂದ ರೋಗಿಗಳಿಗೆ ಆಗುವ ತೊಂದರೆಯನ್ನು ತಡೆಯುವುದು ಹೇಗೆ?’ ಎಂಬುದಾಗಿತ್ತು. (ಔಷಧ, ಸಲೈನ್ ಕೊಡಲು ರಕ್ತನಾಳದೊಳಗೆ ಇಡುವ ಸಣ್ಣ ಕೊಳವೆಯೇ ಕ್ಯಾನುಲಾ.) ಇದನ್ನಿಟ್ಟುಕೊಂಡು ವೈದ್ಯಕೀಯ ಲೇಖನಗಳ ಆನ್‌ಲೈನ್ ಸಂಗ್ರಹವಾದ ಪಬ್‌ಮೆಡ್‌ನಲ್ಲಿ ಮೂರು ಸಂಜೆ ಹುಡುಕಿದರೂ ಸೋಂಕು, ಸೋರಿಕೆ, ಮಕ್ಕಳ ಆರೈಕೆ ಎಂದು ಎಲ್ಲ ದಿಕ್ಕಿನ ಲೇಖನಗಳು ಬಂದವೇ ಹೊರತು, ವಾರ್ಡಿನಲ್ಲಿ ಬಳಸಬಹುದಾದ ಒಂದು ಉತ್ತರವೂ ಸಿಗಲಿಲ್ಲ.

ದಾರಿ ತೋರಿದ್ದು ಹಾಸಿಗೆಯ ಪಕ್ಕದ ಒಂದು ಕ್ಷಣ. 72 ಗಂಟೆ ಕಳೆದಿದೆ ಎಂಬ ಒಂದೇ ಕಾರಣಕ್ಕೆ ವೃದ್ಧೆಯೊಬ್ಬರ ಕ್ಯಾನುಲಾ ಬದಲಿಸಲು ಹೋದಾಗ, ಚುಚ್ಚಿದ ಜಾಗ ಕೆಂಪಾಗಿರಲಿಲ್ಲ, ಬಾವೂ ಇರಲಿಲ್ಲ, ಸಲೈನ್ ಸರಾಗವಾಗಿ ಹರಿಯುತ್ತಿತ್ತು. ಇನ್ನೊಂದು ಕೈಯಲ್ಲಿ ಮಾತ್ರ ಎಷ್ಟು ತಡವಿದರೂ ಚುಚ್ಚಲು ರಕ್ತನಾಳ ಸಿಗುತ್ತಿರಲಿಲ್ಲ. ಇದನ್ನು ಈಗ ತೆಗೆಯಲೇಬೇಕೆ ಎಂಬ ಅನುಮಾನವೇ ನನ್ನ ನಿಜವಾದ ಪ್ರಶ್ನೆಯೆಂದು ಆಗ ಹೊಳೆಯಿತು.

ರೋಗಿ, ಕ್ರಮ, ಹೋಲಿಕೆ, ಫಲಿತಾಂಶ ಎಂಬ ನಾಲ್ಕು ಭಾಗಗಳ ಪಿಕೊ ಚೌಕಟ್ಟಿನಲ್ಲಿ ಅದನ್ನು ಹೀಗೆ ಬರೆದೆ: ‘ವಯಸ್ಕ ಒಳರೋಗಿಗಳಲ್ಲಿ ಕ್ಯಾನುಲಾವನ್ನು ತೊಂದರೆಯ ಲಕ್ಷಣ ಕಂಡಾಗ ಮಾತ್ರ ಬದಲಿಸಿದರೆ, 72ರಿಂದ 96 ಗಂಟೆಗೊಮ್ಮೆ ತಪ್ಪದೆ ಬದಲಿಸುವುದಕ್ಕಿಂತ ಫ್ಲೆಬೈಟಿಸ್ (ರಕ್ತನಾಳದ ಉರಿಯೂತ) ಹೆಚ್ಚುತ್ತದೆಯೇ?’ ಹೆಚ್ಚು ಸಮಯ ಹಿಡಿದದ್ದು ಕೊನೆಯ ಭಾಗ. ‘ತೊಂದರೆ’ಯನ್ನು ಅಳೆಯಲಾಗದು, ನೋವು, ಕೆಂಪು, ಬಾವುಗಳನ್ನು ನೋಡಿ 0ಯಿಂದ 5ರವರೆಗೆ ಅಂಕ ಕೊಡುವ ವಿಐಪಿ (ವಿಶುವಲ್ ಇನ್‌ಫ್ಯೂಷನ್ ಫ್ಲೆಬೈಟಿಸ್) ಮಾಪಕದಿಂದ ಫ್ಲೆಬೈಟಿಸ್ ಅನ್ನು ಅಳೆಯಬಹುದು. ನನ್ನ ಮಟ್ಟಿಗೆ ಇಡೀ ಕೆಲಸದ ಗಟ್ಟಿ ಭಾಗ ಇದೇ.

ಆ ನಾಲ್ಕು ಭಾಗಗಳೇ ಹುಡುಕುಪದಗಳಾದವು. ಇವೆರಡೂ ಕ್ರಮಗಳನ್ನು ಹೋಲಿಸಿದ ಕಾಕ್ರೇನ್ ವಿಮರ್ಶೆ (ಒಂದು ಪ್ರಶ್ನೆಯ ಮೇಲಿನ ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸುವ ವರದಿ) ಬೇಗನೆ ಸಿಕ್ಕಿತು. ಫ್ಲೆಬೈಟಿಸ್‌ನಲ್ಲಿ ಸ್ಪಷ್ಟ ವ್ಯತ್ಯಾಸ ಕಂಡಿಲ್ಲವೆಂದು ಅದು ಹೇಳುತ್ತದೆ. ಆದರೆ ಪ್ರತಿ ಪಾಳಿಯಲ್ಲೂ ಚುಚ್ಚಿದ ಜಾಗವನ್ನು ಪರೀಕ್ಷಿಸದೆ, ಲಕ್ಷಣ ಕಂಡಾಗ ಮಾತ್ರ ಬದಲಿಸುವ ಕ್ರಮವನ್ನು ಅನುಸರಿಸುವುದು ಸಲ್ಲದು.