ಹೈಡ್ ಪಾರ್ಕಿಗೆ ಹೊಸದಾಗಿ ಬಂದವರಿಗೆ: ಬೇಸಿಗೆಯಲ್ಲಿ ಲೈಬ್ರರಿ

ಜೂನ್ ಶುರುವಿನಲ್ಲಿ ಘಟಿಕೋತ್ಸವ ಮುಗಿಯಿತು ಅಂದರೆ ಹೈಡ್ ಪಾರ್ಕ್ ಬಡಾವಣೆಯಲ್ಲಿ ಶಿಕಾಗೋ ವಿಶ್ವವಿದ್ಯಾಲಯದ ಬೀದಿಗಳೆಲ್ಲ ಖಾಲಿ. ಹುಡುಗರು ಊರಿಗೆ ಹೋಗಿರುತ್ತಾರೆ, ಮೇಷ್ಟ್ರುಗಳು ರಿಸರ್ಚ್ ಅಂತ ಎಲ್ಲೋ ಹೋಗಿರುತ್ತಾರೆ. ನಮ್ಮವರು ಹೆಚ್ಚಾಗಿ ಬಂದಿಳಿಯುವುದು ಆಗಲೇ. ಆಸ್ಪತ್ರೆ ಕೆಲಸಕ್ಕೆ, ಪೋಸ್ಟ್‌ಡಾಕ್‌ಗೆ ಬರುವವರು ಜೂನ್-ಜುಲೈಯಲ್ಲಿ ಬರುತ್ತಾರೆ. ಓದಲು ಬರುವವರು ಆಗಸ್ಟ್ ಕೊನೆಯ ಹೊತ್ತಿಗೆ, ಏಕೆಂದರೆ ಕೋರ್ಸ್ ಶುರುವಾಗುವುದಕ್ಕೆ 30 ದಿನಕ್ಕಿಂತ ಮುಂಚೆ ಎಫ್-1 ವೀಸಾದಲ್ಲಿ ದೇಶದೊಳಗೆ ಬಿಡುವುದಿಲ್ಲ. ಇಲ್ಲಿ ಕ್ಲಾಸು ಶುರುವಾಗುವುದು ಸೆಪ್ಟೆಂಬರ್ ಕೊನೆಗೆ. ಅಲ್ಲಿಯವರೆಗೆ ಏನು ಮಾಡುವುದು? ಮನೆಯಲ್ಲಿ ಕೂತು ಊರಿಗೆ ವಿಡಿಯೋ ಕಾಲ್ ಮಾಡುವ ಬದಲು ಲೈಬ್ರರಿಗೆ ನಡೆಯಿರಿ ಅಂತ ನಾನು ಬಂದವರಿಗೆಲ್ಲ ಹೇಳುತ್ತೇನೆ. ಅಕ್ಟೋಬರ್‌ನಲ್ಲಿ ಕೂರಲು ಕುರ್ಚಿ ಹುಡುಕಬೇಕು. ಜುಲೈಯಲ್ಲಿ ಇಡೀ ಮಹಡಿ ನಿಮ್ಮದೇ.

ದೊಡ್ಡ ಲೈಬ್ರರಿಯ ಹೆಸರು ಜೋಸೆಫ್ ರೆಗೆನ್‌ಸ್ಟೈನ್. ಎಲ್ಲರ ಬಾಯಲ್ಲೂ ಅದು 'ರೆಗ್'. 57ನೇ ಬೀದಿಯಲ್ಲಿ, ಬೂದು ಬಣ್ಣದ ಕೋಟೆಯ ಹಾಗೆ ಕಾಣುತ್ತದೆ. 1970ರಲ್ಲಿ ತೆರೆದದ್ದು. ಅದಕ್ಕೂ ಮುಂಚೆ ಅಲ್ಲಿ ಸ್ಟ್ಯಾಗ್ ಫೀಲ್ಡ್ ಎಂಬ ಆಟದ ಮೈದಾನವಿತ್ತು. ಆ ಮೈದಾನದ ಗ್ಯಾಲರಿಯ ಕೆಳಗೇ 1942ರ ಡಿಸೆಂಬರ್ 2ರಂದು ಮನುಷ್ಯ ಕಟ್ಟಿದ ಮೊದಲ ಪರಮಾಣು ರಿಯಾಕ್ಟರ್ ನಡೆದದ್ದು. ಎಲ್ಲಿಸ್ ಅವೆನ್ಯೂ ಕಡೆ ಹೆನ್ರಿ ಮೂರ್ ಮಾಡಿದ ಕಂಚಿನ ಶಿಲ್ಪ ಅದರ ನೆನಪಿಗೆ ಇಟ್ಟದ್ದು. ಹೊಸಬರು ಅಲ್ಲೊಂದು ಫೋಟೋ ತೆಗೆದುಕೊಂಡು ಮುಂದೆ ಹೋಗುತ್ತಾರೆ. ಒಳಗೆ ಹೋಗುವುದೇ ಇಲ್ಲ!

ಒಳಗೆ ಹೋಗಲು ಯೂನಿವರ್ಸಿಟಿ ಕಾರ್ಡ್ ಬೇಕು. ಕಾರ್ಡ್ ಮಾಡಿಕೊಡುವ 'ಐಡಿ ಆ್ಯಂಡ್ ಪ್ರಿವಿಲೇಜಸ್' ಆಫೀಸ್ ಕೂಡ ರೆಗ್‌ನ ಮೊದಲ ಮಹಡಿಯಲ್ಲೇ ಇದೆ. ಕಾರ್ಡ್ ತೆಗೆದುಕೊಳ್ಳಲು ಹೋದಾಗಲೇ ನಿಮ್ಮ ಹೆಂಡತಿಗೋ ಗಂಡನಿಗೋ ಏನು ಸೌಲಭ್ಯ ಸಿಗುತ್ತದೆ ಅಂತ ಕೇಳಿಬಿಡಿ. ಮದುವೆ ಸರ್ಟಿಫಿಕೇಟ್ ಕೈಯಲ್ಲಿರಲಿ, ಕೇಳಿದರೂ ಕೇಳಬಹುದು. ಇದನ್ನು ಯಾಕೆ ಒತ್ತಿ ಹೇಳುತ್ತೇನೆ ಅಂದರೆ, ಎಫ್-2 ವೀಸಾದಲ್ಲಿ, ಅಂದರೆ ವಿದ್ಯಾರ್ಥಿಯ ಹೆಂಡತಿಯಾಗಿಯೋ ಗಂಡನಾಗಿಯೋ ಬಂದವರು ಕೆಲಸಕ್ಕೆ ಹೋಗುವಂತಿಲ್ಲ. ಗಂಡ ಲ್ಯಾಬಿಗೆ ಹೋದ ಮೇಲೆ ಒಂದು ಬೆಡ್‌ರೂಮಿನ ಮನೆಯಲ್ಲಿ ಇಡೀ ದಿನ ಕಳೆಯುವ ಎಷ್ಟೋ ಹೆಣ್ಣುಮಕ್ಕಳನ್ನು ನೋಡಿದ್ದೇನೆ. ಬೇಸಿಗೆಯಲ್ಲಿ ಎಸಿ ಇಲ್ಲದ ಹಳೇ ಅಪಾರ್ಟ್‌ಮೆಂಟ್ ಬೇರೆ. ಅವರಿಗೆ ದಿನಾ ಹೋಗಿ ಕೂರಲು ತಮ್ಮದೇ ಅಂತ ಒಂದು ಜಾಗ ಬೇಕು. ಆದರೆ ಸ್ವೆಟರ್ ಮರೆಯಬೇಡಿ. ಹೊರಗೆ ಬೆವರು ಸುರಿಯುತ್ತಿದ್ದರೂ ಒಳಗೆ ಚಳಿ.

ನಮ್ಮ ಕಾಲೇಜುಗಳಲ್ಲಿ ಚೀಟಿ ಬರೆದುಕೊಟ್ಟು, ಅಟೆಂಡರ್ ಪುಸ್ತಕ ತರುವವರೆಗೆ ಕೌಂಟರ್ ಮುಂದೆ ನಿಂತು ರೂಢಿ, ಅಲ್ವಾ? ಇಲ್ಲಿ ನೇರ ಕಪಾಟಿನ ಮಧ್ಯೆ ಹೋಗಿ. ಯಾರೂ ಕೇಳುವುದಿಲ್ಲ. ತೆಗೆದ ಪುಸ್ತಕವನ್ನು ವಾಪಸ್ ಕಪಾಟಿಗೆ ಸೇರಿಸಲು ಮಾತ್ರ ಹೋಗಬೇಡಿ, ಜಾಗ ತಪ್ಪಿದರೆ ಆಮೇಲೆ ಅದು ಯಾರಿಗೂ ಸಿಗುವುದಿಲ್ಲ. ಟೇಬಲ್ ಮೇಲೆ ಬಿಟ್ಟು ಬನ್ನಿ.

ಕನ್ನಡ ಪುಸ್ತಕ ಹುಡುಕಿಕೊಂಡು ಹೋಗುವವರು 'ಪಿಎಲ್ 4659' ಅನ್ನುವ ನಂಬರ್ ನೆನಪಿಡಿ. ಕನ್ನಡ ಲೇಖಕರೆಲ್ಲ ಹೆಚ್ಚುಕಡಿಮೆ ಆ ನಂಬರಿನ ಸಾಲಿನಲ್ಲೇ ನಿಂತಿದ್ದಾರೆ. ಮೂಲ ರಕ್ಷಾಪುಟ ಹೋಗಿ ದಪ್ಪ ಬಟ್ಟೆಯ ಬೈಂಡು ಬಂದಿದೆ, ಬೆನ್ನ ಮೇಲೆ ಇಂಗ್ಲಿಷ್ ಅಕ್ಷರ. ಹೊರಗಿನಿಂದ ನೋಡಿದರೆ ಕನ್ನಡ ಪುಸ್ತಕ ಅಂತ ಗೊತ್ತೇ ಆಗುವುದಿಲ್ಲ. ಬಿಡಿಸಿದರೆ ಕಂದುಬಣ್ಣಕ್ಕೆ ತಿರುಗಿದ ಹಾಳೆ, ಮೈಸೂರಿನದೋ ಧಾರವಾಡದ್ದೋ ಪ್ರಕಾಶಕರ ಹೆಸರು, ಎರಡೋ ಮೂರೋ ರೂಪಾಯಿ ಬೆಲೆ. ಹಾಳೆಯ ತುದಿ ಮಡಚಬೇಡಿ, ಹಪ್ಪಳದ ಹಾಗೆ ಮುರಿಯುತ್ತದೆ.

ಇಷ್ಟು ಕನ್ನಡ ಪುಸ್ತಕ ಇಲ್ಲಿಗೆ ಹೇಗೆ ಬಂತು? ಗೋಧಿಯಿಂದ. ಹಿರಿಯರ ಬಾಯಲ್ಲಿ ಪಿಎಲ್ 480 ಗೋಧಿಯ ಮಾತು ಕೇಳಿರುತ್ತೀರಿ (ಇಲ್ಲಿ ಪಿಎಲ್ ಅಂದರೆ 'ಪಬ್ಲಿಕ್ ಲಾ', ಕಪಾಟಿನ ಪಿಎಲ್ ಬೇರೆ). 1954ರ ಆ ಕಾನೂನಿನ ಪ್ರಕಾರ ಅಮೆರಿಕ ನಮಗೆ ಗೋಧಿ ಮಾರಿ ದುಡ್ಡನ್ನು ರೂಪಾಯಿಯಲ್ಲೇ ತೆಗೆದುಕೊಂಡಿತು. ಆ ರೂಪಾಯಿಯಲ್ಲಿ ಒಂದು ಪಾಲನ್ನು 1962ರಿಂದ ಭಾರತೀಯ ಭಾಷೆಗಳ ಪುಸ್ತಕ ಕೊಳ್ಳಲು ಬಳಸಿದರು. ಲೈಬ್ರರಿ ಆಫ್ ಕಾಂಗ್ರೆಸ್‌ನ ದೆಹಲಿ ಆಫೀಸು ಕೊಂಡು ಕಳಿಸಿದ ಪ್ರತಿಗಳು ಶಿಕಾಗೋ ಸೇರಿ ಹಲವು ಅಮೆರಿಕನ್ ಯೂನಿವರ್ಸಿಟಿಗಳಿಗೆ ಹಂಚಿಕೆಯಾದವು. ಬೆಂಗಳೂರಿನ ಅಂಗಡಿಯಲ್ಲಿ ಸಿಗದ ಪುಸ್ತಕ ಹೈಡ್ ಪಾರ್ಕಿನಲ್ಲಿ ಸಿಕ್ಕರೆ ಆಶ್ಚರ್ಯಪಡಬೇಡಿ.

ಸಿಗುವುದು ಸಿಗುತ್ತದೆ, ಆದರೆ ಹುಡುಕುವ ರೀತಿ ಗೊತ್ತಿರಬೇಕು. ನಾವು ವಾಟ್ಸಾಪ್‌ನಲ್ಲಿ ಕನ್ನಡವನ್ನು ಇಂಗ್ಲಿಷಿನಲ್ಲಿ ಬರೆಯುವ ಹಾಗೆ ಕ್ಯಾಟಲಾಗ್‌ನಲ್ಲಿ ಬರೆದರೆ ಏನೂ ಬರುವುದಿಲ್ಲ. ಅವರದೇ ಲೆಕ್ಕ ಇದೆ. 'ಚ'ಕ್ಕೆ ಬರೀ ಸಿ, ಮುಂದೆ ಎಚ್ ಇಲ್ಲ. ಚರಿತ್ರೆ ಬೇಕಿದ್ದರೆ ಸಿ-ಎ-ಆರ್-ಐ-ಟಿ-ಆರ್-ಇ. 'ಶ', 'ಷ' ಎರಡಕ್ಕೂ ಬರೀ ಎಸ್, ಹಾಗಾಗಿ ಭಾಷೆ ಅಂದರೆ ಬಿ-ಎಚ್-ಎ-ಎಸ್-ಇ. ದೀರ್ಘಕ್ಕೆ ಎರಡು ಅಕ್ಷರ ಹಾಕಬಾರದು, ಊರು ಅನ್ನುವುದು ಯು-ಆರ್-ಯು. ವಿಜ್ಞಾನಕ್ಕೆ ಜಿ ಹಾಕಿದರೆ ಕೆಟ್ಟಿತು, ವಿ-ಐ-ಜೆ-ಎನ್-ಎ-ಎನ್-ಎ ಅಂತಲೇ ಹೊಡೆಯಬೇಕು. ಅಕ್ಷರದ ಮೇಲೆ ಕೆಳಗೆ ಇರುವ ಗೆರೆ, ಚುಕ್ಕಿಗಳ ಚಿಂತೆ ಬೇಡ, ಅವಿಲ್ಲದೆ ಹೊಡೆದರೂ ನಡೆಯುತ್ತದೆ. ಇಷ್ಟಾದರೂ ಸಿಗದಿದ್ದರೆ ಲೇಖಕರ ಹೆಸರಿನಿಂದ ಹೋಗಿ. ಅದೂ ಆಗದಿದ್ದರೆ ಕೇಳಿ. ದಕ್ಷಿಣ ಏಷ್ಯಾದ ಪುಸ್ತಕಗಳಿಗೆ ಅಂತಲೇ ಇಲ್ಲಿ ಒಬ್ಬ ಲೈಬ್ರರಿಯನ್ ಇದ್ದಾರೆ. ಒಂದು ಮೇಲ್ ಹಾಕಿದರೆ ಸಾಕು. 'ತೊಂದರೆ ಕೊಡುತ್ತಿದ್ದೇನೆ, ಕ್ಷಮಿಸಿ' ಅಂತ ನಾಲ್ಕು ಸಾಲು ಪೀಠಿಕೆ ಬೇಡ. ಕೇಳುವವರಿಗೆ ಹೇಳುವುದೇ ಅವರ ಕೆಲಸ, ಬೇಸಿಗೆಯಲ್ಲಿ ಅವರಿಗೂ ಸ್ವಲ್ಪ ಬಿಡುವು. ಲೈಬ್ರರಿಯಲ್ಲಿ ಇಲ್ಲದ ಹೊಸ ಕನ್ನಡ ಪುಸ್ತಕ ತರಿಸಿ ಅಂತಲೂ ಕೇಳಬಹುದು.

ಕೆಲವು ಪುಸ್ತಕಕ್ಕೆ ಕ್ಯಾಟಲಾಗ್ 'ಮ್ಯಾನ್‌ಸ್ವೆಟೊ' ಅಂತ ತೋರಿಸುತ್ತದೆ. ಅದು ರೆಗ್‌ಗೆ ಅಂಟಿಕೊಂಡಿರುವ ಗಾಜಿನ ಗುಮ್ಮಟ. ಹೆಲ್ಮುಟ್ ಯಾನ್ ಎಂಬ ವಾಸ್ತುಶಿಲ್ಪಿ ಮಾಡಿದ್ದು, 2011ರಲ್ಲಿ ತೆರೆಯಿತು. ಮೇಲೆ ಓದುವ ಕೋಣೆ, ನೆಲದ ಕೆಳಗೆ 50 ಅಡಿ ಆಳದವರೆಗೆ ಪೆಟ್ಟಿಗೆಗಳಲ್ಲಿ ಪುಸ್ತಕ. ಒಟ್ಟು 35 ಲಕ್ಷ ಸಂಪುಟ ಹಿಡಿಯುವಷ್ಟು ಜಾಗ. ಅಲ್ಲಿ ಪುಸ್ತಕ ಜೋಡಿಸುವುದು ವಿಷಯದ ಪ್ರಕಾರ ಅಲ್ಲ, ಅಳತೆಯ ಪ್ರಕಾರ. ಕ್ಯಾಟಲಾಗ್‌ನಲ್ಲಿ ಬಟನ್ ಒತ್ತಿದರೆ ರೋಬೋ ಕ್ರೇನ್ ಪೆಟ್ಟಿಗೆಯನ್ನು ಮೇಲೆ ತರುತ್ತದೆ, ಸಿಬ್ಬಂದಿ ನಿಮ್ಮ ಪುಸ್ತಕ ತೆಗೆದಿಡುತ್ತಾರೆ. ಜೂನ್ ಸಂಜೆ ಅಲ್ಲಿ ಕೂತು ನೋಡಿ, ಎಂಟೂವರೆವರೆಗೂ ಬೆಳಕಿರುತ್ತದೆ.

ಊರಿಂದ ಯಾರಾದರೂ ಸಾಹಿತ್ಯದವರು ಬಂದರೆ ನಾನು ಸ್ಪೆಷಲ್ ಕಲೆಕ್ಷನ್ಸ್ ವಿಭಾಗದ ವಿಷಯ ಹೇಳುತ್ತೇನೆ. ಮೈಸೂರಿನಲ್ಲಿ ಹುಟ್ಟಿ, 1962ರಿಂದ 1993ರಲ್ಲಿ ತೀರಿಕೊಳ್ಳುವವರೆಗೆ ಇದೇ ಯೂನಿವರ್ಸಿಟಿಯಲ್ಲಿ ಪಾಠ ಮಾಡಿದ ಎ.ಕೆ. ರಾಮಾನುಜನ್ ಅವರ ಕಾಗದಪತ್ರಗಳು ಅಲ್ಲಿವೆ. ಸುಮ್ನೆ ಹೋಗಿ ತೋರಿಸಿ ಅಂದರೆ ಆಗದು. ಆನ್‌ಲೈನಿನಲ್ಲಿ ಹೆಸರು ನೋಂದಾಯಿಸಿ, ಯಾವ ಪೆಟ್ಟಿಗೆ ಬೇಕು ಅಂತ ಮುಂಚೆಯೇ ತಿಳಿಸಬೇಕು. ಪೆನ್ನು ಒಳಗೆ ಬಿಡುವುದಿಲ್ಲ, ಪೆನ್ಸಿಲ್ ಮಾತ್ರ. ಅದರ ಪಕ್ಕದ ಗ್ಯಾಲರಿಯಲ್ಲಿ ಆಗಾಗ ಪ್ರದರ್ಶನ ಇರುತ್ತದೆ, ಟಿಕೆಟ್ ಇಲ್ಲ.

ಸೈನ್ಸ್ ಕಡೆಯವರಿಗೆ ಕ್ರೆರಾರ್ ಲೈಬ್ರರಿ. ಅಲ್ಲಿನ ಮ್ಯಾಡ್ ಸೆಂಟರ್‌ನಲ್ಲಿ (ಮೀಡಿಯಾ ಆರ್ಟ್ಸ್, ಡೇಟಾ, ಡಿಸೈನ್ ಅನ್ನುವುದರ ಚಿಕ್ಕ ರೂಪ) 3ಡಿ ಪ್ರಿಂಟರ್ ಇದೆ, ಹಳೇ ವಿಡಿಯೋ ಗೇಮ್‌ಗಳ ಸಂಗ್ರಹವೂ ಇದೆ. ಬೇಸಿಗೆಯಲ್ಲಿ ತೆರೆದಿರುವ ಹೊತ್ತು ಕಡಿಮೆ, ನೋಡಿಕೊಂಡು ಹೋಗಿ.

ಊಟದ ಡಬ್ಬಿಯ ವಿಷಯ. ಮುಚ್ಚಳ ಇರುವ ಕಾಫಿ ಲೋಟ, ಸಣ್ಣಪುಟ್ಟ ತಿಂಡಿ ನಡೆಯುತ್ತದೆ. ಮಹಡಿಯ ಮೇಲೆ ಪುಳಿಯೋಗರೆ ಡಬ್ಬಿ ಮಾತ್ರ ಬಿಚ್ಚಬೇಡಿ, ಇಂಗಿನ ವಾಸನೆ ನಾಲ್ಕು ಸಾಲು ಆಚೆಗೂ ಹೋಗುತ್ತದೆ. ಕೆಳಗಡೆ ಎಕ್ಸ್ ಲಿಬ್ರಿಸ್ ಕೆಫೆಯಲ್ಲಿ ಟೇಬಲ್‌ಗಳಿವೆ. ಹೊರಗೆ ಹುಲ್ಲಿನ ಮೇಲೆ ಕೂತರಂತೂ ಇನ್ನೂ ವಾಸಿ.

ಕೆಲಸದ ಬಗ್ಗೆ ತುಂಬಾ ಜನ ಕೇಳುತ್ತಾರೆ. ಎಫ್-1 ವಿದ್ಯಾರ್ಥಿಗಳು ಕ್ಲಾಸು ನಡೆಯುವಾಗ ವಾರಕ್ಕೆ 20 ಗಂಟೆವರೆಗೆ ಕ್ಯಾಂಪಸ್ಸಿನಲ್ಲಿ ಕೆಲಸ ಮಾಡಬಹುದು. ಬೇಸಿಗೆ ರಜೆಯಲ್ಲಿ, ಮುಂದಿನ ಕ್ವಾರ್ಟರ್‌ಗೆ (ಇಲ್ಲಿ ಟರ್ಮಿಗೆ ಹಾಗನ್ನುತ್ತಾರೆ) ಓದು ಮುಂದುವರಿಸುವವರು ಪೂರ್ತಿ ಹೊತ್ತು ಮಾಡಬಹುದು. ಲೈಬ್ರರಿಯಲ್ಲಿ ಪುಸ್ತಕ ಜೋಡಿಸುವ, ಸ್ಕ್ಯಾನ್ ಮಾಡುವ, ಕೌಂಟರ್ ನೋಡಿಕೊಳ್ಳುವ ಕೆಲಸಗಳಿರುತ್ತವೆ. ಕೆಲಸ ಸಿಕ್ಕಿದರೆ ಸೋಷಿಯಲ್ ಸೆಕ್ಯುರಿಟಿ ನಂಬರ್ ಮಾಡಿಸಿಕೊಳ್ಳಲೂ ದಾರಿಯಾಗುತ್ತದೆ. ಏಪ್ರಿಲ್‌ನಲ್ಲೇ ಅರ್ಜಿ ಹಾಕುವುದು ಒಳ್ಳೆಯದು.

ಮಕ್ಕಳಿಗೆ, ಊರಿಂದ ಬಂದಿರುವ ಅಪ್ಪ-ಅಮ್ಮನಿಗೆ ರೆಗ್ ಅಷ್ಟು ಒಗ್ಗುವುದಿಲ್ಲ. ಅವರನ್ನು ಸೌತ್ ಲೇಕ್ ಪಾರ್ಕ್ ರಸ್ತೆಯ ಬ್ಲ್ಯಾಕ್‌ಸ್ಟೋನ್ ಶಾಖೆಗೆ ಕರೆದುಕೊಂಡು ಹೋಗಿ. 1904ರಲ್ಲಿ ಕಟ್ಟಿದ್ದು, ಶಿಕಾಗೋ ಪಬ್ಲಿಕ್ ಲೈಬ್ರರಿಯ ಮೊಟ್ಟಮೊದಲ ಶಾಖೆ. ಒಳಗೆ ಗುಮ್ಮಟದ ಕೆಳಗೆ ಬಿಡಿಸಿರುವ ಚಿತ್ರ ನೋಡಲಿಕ್ಕೇ ಒಂದು ಸಲ ಹೋಗಬಹುದು. ಬೇಸಿಗೆಯಲ್ಲಿ ಮಕ್ಕಳಿಗೆ ಓದು, ಪ್ರಯೋಗ, ಕರಕುಶಲ ಅಂತ ಕಾರ್ಯಕ್ರಮಗಳಿರುತ್ತವೆ, ಎಲ್ಲ ಪುಕ್ಕಟೆ. ಕಾರ್ಡಿಗೆ ಶಿಕಾಗೋ ವಿಳಾಸದ ಪುರಾವೆ ಬೇಕು. ಅಪ್ಪನಿಗೆ ಪೇಪರ್ ಓದುತ್ತಾ ಕೂರಲು ಅದೂ ಬೇಡ. ಪುಸ್ತಕ ತಡವಾಗಿ ಕೊಟ್ಟರೆ ದಂಡ ಅನ್ನುವುದನ್ನು 2019ರಲ್ಲೇ ತೆಗೆದುಹಾಕಿದ್ದಾರೆ. ಹಾಗಂತ ಪುಸ್ತಕ ಕಳೆದುಬಿಡಬೇಡಿ, ಅದರ ದುಡ್ಡು ಕಟ್ಟಬೇಕಾಗುತ್ತದೆ.

ಯೂನಿವರ್ಸಿಟಿ ಲೈಬ್ರರಿಯ ಲೆಕ್ಕ ಬೇರೆ. ಬೇಸಿಗೆಯಲ್ಲಿ ಬಾಗಿಲು ಬೇಗ ಹಾಕುತ್ತಾರೆ. ಆಗಸ್ಟ್ ಕೊನೆಯಿಂದ ಕ್ಲಾಸು ಶುರುವಾಗುವವರೆಗಿನ ನಡುವಿನ ವಾರಗಳಲ್ಲಂತೂ ಸಮಯ ಇನ್ನೂ ಕಡಿಮೆ. ಹೊರಡುವ ಮುಂಚೆ ವೆಬ್‌ಸೈಟಿನಲ್ಲಿ ಆವತ್ತಿನ ಹೊತ್ತು ನೋಡಿ. ಊರಿಗೆ ಹೋಗುವವರು ಬೇರೆ ಯೂನಿವರ್ಸಿಟಿಯಿಂದ ತರಿಸಿದ ಪುಸ್ತಕಗಳನ್ನು ಮೊದಲು ಹಿಂದಿರುಗಿಸಿ, ಅವುಗಳ ಗಡುವೂ ದಂಡವೂ ಬಿಗಿ. ಉಳಿದವನ್ನು ಆನ್‌ಲೈನಿನಲ್ಲೇ ರಿನ್ಯೂ ಮಾಡಬಹುದು, ಆದರೆ ಪುಸ್ತಕ ವಾಪಸ್ ಕೇಳಿ ಮೇಲ್ ಬರಬಹುದು, ನೋಡುತ್ತಿರಿ. ಲೇಖನ, ಇ-ಪುಸ್ತಕ ಓದಲು ಶಿವಮೊಗ್ಗದಲ್ಲಿ ಕೂತರೂ ನಿಮ್ಮ ಸಿನೆಟ್ ಐಡಿ (ಯೂನಿವರ್ಸಿಟಿಯ ಲಾಗಿನ್) ಸಾಕು. ಛಾಪಿಸಿದ ಪುಸ್ತಕದ ಒಂದು ಅಧ್ಯಾಯ ಬೇಕಿದ್ದರೆ 'ಸ್ಕ್ಯಾನ್ ಆ್ಯಂಡ್ ಡೆಲಿವರ್' ಅಂತ ಕೋರಿಕೆ ಹಾಕಿ, ಪಿಡಿಎಫ್ ಬರುತ್ತದೆ.